ಬಿಲ್ಲಿಗೆ ಅರ್ಧ ದಿನ, ಮಾತ್ರೆಗೆ ಎರಡು ನಿಮಿಷ

ಡಿಸ್ಚಾರ್ಜ್ ದಿನ ಮನೆಯವರ ತಲೆಯಲ್ಲಿ ಇರುವುದು ಒಂದೇ: ಇನ್ಶೂರೆನ್ಸ್ ಅಪ್ರೂವಲ್ ಬಂತಾ? ಕ್ಯಾಶ್‌ಲೆಸ್‌ಗೆ ಕೊನೆಯ ಒಪ್ಪಿಗೆಯನ್ನು ಆಸ್ಪತ್ರೆ ಕೇಳಿದ 3 ಗಂಟೆಗಳೊಳಗೆ ಕೊಡಬೇಕು ಎಂದು ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐ 2024ರಲ್ಲಿ ಹೇಳಿದೆ. ಆದರೂ ಕಾಯುವುದು ತಪ್ಪಿಲ್ಲ. ಕೊನೆಗೆ ಬಿಲ್ ಕಟ್ಟಿ, ಗಾಡಿ ಕರೆಸಿ, ಹೊರಡುವ ಗಡಿಬಿಡಿಯಲ್ಲಿ ಸಿಸ್ಟರ್ ಬಂದು ಮಾತ್ರೆ ವಿವರಿಸುತ್ತಾರೆ. 'ಇದು 1-0-1, ಇದು ಊಟಕ್ಕೆ ಮುಂಚೆ, ಗೊತ್ತಾಯ್ತಲ್ವಾ?' ಎಲ್ಲರೂ ತಲೆ ಆಡಿಸುತ್ತಾರೆ. ಸಿಸ್ಟರ್‌ದೇನೂ ತಪ್ಪಿಲ್ಲ, ಪಾಪ, ಇಡೀ ವಾರ್ಡ್ ಅವರ ಮೇಲೆ.

ನಮ್ಮ ಚಿಕ್ಕಪ್ಪನಿಗೆ ಕಿಡ್ನಿ ಕಲ್ಲು ತೆಗೆದಾಗ ಡಿಜೆ ಸ್ಟೆಂಟ್ ಹಾಕಿದ್ದರು. ಕಿಡ್ನಿಯಿಂದ ಮೂತ್ರಚೀಲದವರೆಗೆ ಇರುವ ತೆಳು ಕೊಳವೆ. ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ತೆಗೆಯಬೇಕು. ತಿಂಗಳುಗಟ್ಟಲೆ ಬಿಟ್ಟರೆ ಅದರ ಮೇಲೇ ಕಲ್ಲು ಕಟ್ಟುತ್ತದೆ, ಸೋಂಕಾಗುತ್ತದೆ, ಕಿಡ್ನಿಯೇ ಹಾಳಾಗಬಹುದು. ಆದರೆ ಸ್ಟೆಂಟ್ ಎಂದರೆ ನಮಗೆ ಗೊತ್ತಿರುವುದು ಹಾರ್ಟಿಗೆ ಹಾಕುವುದು. ಅದು ಜೀವನಪೂರ್ತಿ ಅಲ್ಲೇ ಇರುತ್ತದೆ. ಇದೂ ಹಾಗೇ ಇರಬೇಕು ಅಂದುಕೊಂಡರು. ನೋವು ಹೋಗಿತ್ತಲ್ಲ, ಸುಮ್ನೆ ಯಾಕೆ ಇನ್ನೊಂದು ಸಲ ಬೆಂಗಳೂರು? ಮೂತ್ರದಲ್ಲಿ ರಕ್ತ ಕಂಡಾಗಲೇ ಫೈಲ್ ತೆಗೆದು ನೋಡಿದ್ದು. ಸ್ಟೆಂಟ್ ತೆಗೆಸಬೇಕು ಎಂದು ಎರಡನೇ ಪುಟದ ಕೊನೆಯಲ್ಲಿ, ಇಂಗ್ಲಿಷಿನಲ್ಲಿ, ಒಂದೇ ಸಾಲು ಇತ್ತು. ಬರೆದಿದ್ದೆವು ಎಂದು ಆಸ್ಪತ್ರೆಯವರು ಹೇಳಿದರು. ಬರೆದಿದ್ದರು, ನಿಜ. ಆದರೆ ಅದು ಇನ್ನೊಬ್ಬ ಡಾಕ್ಟರ್ ಓದಲಿ ಎಂದು ಬರೆದ ಕಾಗದ.

ಮಾತ್ರೆಯ ಕಥೆಯೂ ಹೀಗೇ. ಮನೆಯಲ್ಲಿ ಮೊದಲೇ ಬಿಪಿಗೆ ಟೆಲ್ಮಿಸಾರ್ಟನ್ ಇರುತ್ತದೆ. ಆಸ್ಪತ್ರೆಯವರು ಅದನ್ನೇ ಬೇರೆ ಬ್ರ್ಯಾಂಡಿನಲ್ಲಿ ಬರೆಯುತ್ತಾರೆ. ಹಳೆಯದನ್ನು ನಿಲ್ಲಿಸಿ ಎಂದು ಯಾರೂ ಹೇಳದಿದ್ದರೆ ಅಜ್ಜಿ ಎರಡನ್ನೂ ನುಂಗುತ್ತಾರೆ, ತಲೆ ಸುತ್ತಿ ಬೀಳುತ್ತಾರೆ. ವಯಸ್ಸಾಯ್ತು ಎಂದು ನಾವು ಸುಮ್ಮನಾಗುತ್ತೇವೆ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತಗೊಳ್ಳುವ ಮಾತ್ರೆ. ದಿನಾ ತಗೊಂಡರೆ ಪ್ರಾಣಕ್ಕೇ ಅಪಾಯ. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಲ್ಲಿ ಔಷಧಿ ಎಡವಟ್ಟು ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2017ರಿಂದ ಹೇಳುತ್ತಲೇ ಇದೆ.

ನನ್ನ ಬೇಡಿಕೆ ದೊಡ್ಡದಲ್ಲ. ಕನ್ನಡದಲ್ಲಿ ಒಂದು ಹಾಳೆ ಕೊಡಿ. ಯಾವ ಹಳೆಯ ಮಾತ್ರೆ ನಿಲ್ಲಿಸಬೇಕು, ಒಳಗೆ ಹಾಕಿದ್ದನ್ನು ಯಾವ ತಾರೀಖಿಗೆ ತೆಗೆಯಬೇಕು, ಇನ್ನೂ ಬರಬೇಕಾದ ಬಯಾಪ್ಸಿ ರಿಪೋರ್ಟ್‌ಗೆ ಯಾರನ್ನು ಕೇಳಬೇಕು, ರಾತ್ರಿ ಜ್ವರ ಬಂದರೆ ಯಾವ ನಂಬರ್. 'ಗೊತ್ತಾಯ್ತಾ' ಅನ್ನುವ ಬದಲು 'ಹೇಗೆ ಕೊಡ್ತೀರಿ, ನೀವೇ ಹೇಳಿ ನೋಡೋಣ' ಎಂದು ಕೇಳಿ. ಇದನ್ನೆಲ್ಲ ಬಿಲ್ ಬರುವ ಮೊದಲೇ ಮಾಡಿ. ಅಪ್ರೂವಲ್‌ಗೆ ಕಾಯುತ್ತಾ ಹೇಗೂ ಅಲ್ಲೇ ಕೂತಿರುತ್ತೇವೆ.