ಕಡತದಲ್ಲಿ ಬೆಳೆಯುವ ಭತ್ತ

ಟೆಕ್ಸಾಸ್‌ನ ವಾರ್ಟನ್ ಕೌಂಟಿಯಲ್ಲಿ ಎರಡು ಬಗೆಯ ಭತ್ತವಿದೆ. ಒಂದು ಗದ್ದೆಯದು. ಅದಕ್ಕೆ ನೀರು ಬೇಕು, ಗೊಬ್ಬರ ಬೇಕು, ಇಷ್ಟೆಲ್ಲ ಉಂಡಮೇಲೂ ಬೆಲೆ ಬಿದ್ದು ರೈತನನ್ನು ಅಳಿಸುತ್ತದೆ. ಇನ್ನೊಂದು ಅಮೆರಿಕದ ಕೃಷಿ ಇಲಾಖೆಯ ಕಡತದ್ದು. ಅದಕ್ಕೆ ಹುಳ ಹತ್ತುವುದಿಲ್ಲ, ಬರ ತಟ್ಟುವುದಿಲ್ಲ. ಬೆಲೆ ಬಿದ್ದಷ್ಟೂ ಹುಲುಸು, ಅಕ್ಟೋಬರ್ ಬಂತೆಂದರೆ ಬ್ಯಾಂಕ್ ಖಾತೆಯಲ್ಲಿ ತೆನೆ ಬಾಗುತ್ತದೆ.

ಈ ಎರಡನೆಯ ಭತ್ತದ ಬೀಜದ ಹೆಸರು ‘ಬೇಸ್ ಎಕರೆ’. ಈ ವರ್ಷ ಏನು ಬಿತ್ತಿದಿರಿ ಎಂದು ಫಾರಂನಲ್ಲಿ ಕೇಳುತ್ತಾರೆ, ನಿಜ. ಆದರೆ ಸರ್ಕಾರ ಸಬ್ಸಿಡಿ ಹಣ ಕೊಡುವುದು ಆ ಜಮೀನಿನಲ್ಲಿ ಹಿಂದೆಂದೋ ಭತ್ತವಿತ್ತು ಎಂಬ ದಾಖಲೆ ನೋಡಿ. ಹಾಗೆ ದಾಖಲಾದ ಎಕರೆಯೇ ಬೇಸ್ ಎಕರೆ. ಈಗ ಜೋಳ ಹಾಕಿ, ಸೋಯಾ ಹಾಕಿ, ಬೀಳು ಬಿಡಿ, ಚಿಂತೆಯಿಲ್ಲ. ತರಕಾರಿಗೆ ಮಾತ್ರ ಹುಷಾರು! ಬೇಸ್ ಎಕರೆಯ ಶೇಕಡಾ 15 ದಾಟಿ ಟೊಮೆಟೊ ನೆಟ್ಟರೆ, ದಾಟಿದ ಒಂದೊಂದು ಎಕರೆಗೂ ಹಣ ಖೋತಾ. ಏನೂ ಬೆಳೆಯದವನು ಆರಾಮ, ಸಾರಿಗೆ ಬೇಕಾದ್ದು ಬೆಳೆದವನು ಅಪರಾಧಿ.

ಇದೇ ಕೌಂಟಿಯ ಎಲ್ ಕ್ಯಾಂಪೊ ಸುತ್ತಮುತ್ತ ಹಳೆಯ ಗದ್ದೆಗಳು ಸೈಟುಗಳಾದಾಗ ಮನೆಯ ಹಿತ್ತಿಲ ಹುಲ್ಲಿಗೂ ಭತ್ತದ ಹಣ ಬರುತ್ತಿತ್ತು. ಬೇಸಾಯವನ್ನೇ ಮಾಡದವರಿಗೆ 2000ದಿಂದ ಈಚೆಗೆ ಕನಿಷ್ಠ 130 ಕೋಟಿ ಡಾಲರ್ ಹೋಗಿದೆ ಎಂದು ವಾಷಿಂಗ್ಟನ್ ಪೋಸ್ಟ್ 2006ರಲ್ಲಿ ಲೆಕ್ಕ ಬಿಚ್ಚಿಟ್ಟಿತು. ಎಂಟು ವರ್ಷ ಯೋಚಿಸಿ ಸಂಸತ್ತು, ಬೆಲೆ ಏನೇ ಇರಲಿ ಕೊಡುತ್ತಿದ್ದ ಆ ನೇರ ಪಾವತಿಯನ್ನು ರದ್ದು ಮಾಡಿತು. ಬೇಸ್ ಎಕರೆಯನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡಿತು.

ಹೊಸ ಲೆಕ್ಕ ಹೀಗೆ: ಮಾರುಕಟ್ಟೆ ಬೆಲೆ ಕಾನೂನಿನ ಬೆಲೆಗಿಂತ ಇಳಿದರೆ ಆ ಕೊರತೆಗೆ ಹಣ. 2012ರ ಬರದಲ್ಲಿ ಮೇಲಿನ ಜಲಾಶಯಗಳಿಂದ ಇಲ್ಲಿನ ಕಾಲುವೆಗಳಿಗೆ ನೀರು ನಿಂತಿತು, 2014ರಲ್ಲೂ ಹೆಚ್ಚಿನವರಿಗೆ ಬರಲಿಲ್ಲ. ಆ ವರ್ಷ ಉದ್ದಕಾಳಿನ ಭತ್ತಕ್ಕೆ ಕಾನೂನು ಗೊತ್ತುಮಾಡಿದ ಬೆಲೆ ನೂರು ಪೌಂಡಿಗೆ 14 ಡಾಲರ್, ಮಾರುಕಟ್ಟೆಯಲ್ಲಿ ಸರಾಸರಿ ಸಿಕ್ಕಿದ್ದು 11.90. ಕೊರತೆ 2.10. ಕಡತದಲ್ಲಿ ನಿಮ್ಮ ಇಳುವರಿ ಎಕರೆಗೆ 5,000 ಪೌಂಡು ಎಂದಿದ್ದರೆ 105 ಡಾಲರ್. ಕೊಡುವುದು ಅದರ ಶೇಕಡಾ 85, ಅಂದರೆ 89.25. ನೂರು ಬೇಸ್ ಎಕರೆಗೆ 8,925 ಡಾಲರ್, ಸರ್ಕಾರಿ ಖರ್ಚಿನ ಕಡ್ಡಾಯ ಕಡಿತಕ್ಕೆ ಮುಂಚೆ. ಬೋರ್‌ವೆಲ್ ನೀರೆತ್ತಿ ಬೆಳೆದು ಅಗ್ಗಕ್ಕೆ ಮಾರಿದವನಿಗೂ ಇಷ್ಟೇ, ಒಂದು ಕಾಳೂ ಬೆಳೆಯದವನಿಗೂ ಇಷ್ಟೇ. ಮಾರದ ಭತ್ತಕ್ಕೆ ಬೆಲೆ ಕುಸಿದ ಪರಿಹಾರ!

ಹತ್ತು ಬೇಸ್ ಎಕರೆಗಿಂತ ಹೆಚ್ಚಿಲ್ಲದವನಿಗೆ ಸಾಮಾನ್ಯವಾಗಿ ಏನೂ ಇಲ್ಲ. ಬಡವನಿಗೆ ಫಾರಂ ತುಂಬಿಸುವ ಕಷ್ಟ ಬೇಡವೆಂಬ ಕರುಣೆ ಇರಬೇಕು.

ದೊಡ್ಡವರಿಗೂ ಮಿತಿ ಇದೆ: ತಲೆಗೆ 1,25,000 ಡಾಲರ್ ಇದ್ದದ್ದು 2025ರ ಕಾನೂನಿನಲ್ಲಿ 1,55,000 ಆಯಿತು. ಹೆಂಡತಿಯದು ಬೇರೆ ತಲೆ. ಪಾಲುದಾರಿಕೆ ಮಾಡಿಕೊಂಡರೆ ಎಷ್ಟು ಪಾಲುದಾರರೋ ಅಷ್ಟು ಮಿತಿ. ಕಡಲೆಕಾಯಿಗಂತೂ ಪ್ರತ್ಯೇಕ ಮಿತಿ. ಅದು ಉಳಿದ ಬೆಳೆಗಳ ಪಂಕ್ತಿಯಲ್ಲಿ ಊಟಕ್ಕೆ ಕೂರುವುದಿಲ್ಲ. ಪಾಲುದಾರ ‘ಸಕ್ರಿಯ’ನಾಗಿರಬೇಕು, ಆದರೆ ಕೆಸರು ತುಳಿಯಬೇಕೆಂದಿಲ್ಲ, ನಿರ್ವಹಣೆ ಮಾಡಿದರೂ ನಡೆಯುತ್ತದೆ. ಮನೆಯವರದೇ ಪಾಲುದಾರಿಕೆಯಾದರೆ ನಿಯಮ ಇನ್ನೂ ಸಡಿಲ. 2018ರಲ್ಲಿ ಈ ‘ಮನೆಯವರ’ ಪಟ್ಟಿಗೆ ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳು, ಅಣ್ಣ-ತಂಗಿಯರ ಮಕ್ಕಳು ಎಲ್ಲ ಸೇರಿದರು. ದಾಯಾದಿ ಅಂದರೆ ಬದುವಿನ ಜಗಳ ಎಂದೇ ತಿಳಿದವರು ನಾವು. ಅಲ್ಲಿ ದಾಯಾದಿ ಹೆಚ್ಚಿದಷ್ಟೂ ಚೆಕ್ಕು ಹೆಚ್ಚು.

2025ರ ಅದೇ ಕಾನೂನು ಭತ್ತಕ್ಕೆ ಗೊತ್ತುಮಾಡಿದ ಬೆಲೆಯನ್ನು 16.90 ಡಾಲರಿಗೆ ಏರಿಸಿ, ದೇಶದಲ್ಲಿ 3 ಕೋಟಿವರೆಗೆ ಹೊಸ ಬೇಸ್ ಎಕರೆ ಹುಟ್ಟಿಸಲು ಅಪ್ಪಣೆ ಕೊಟ್ಟಿದೆ. ಅಷ್ಟು ನೆಲವನ್ನು ಒಂದು ಮರವನ್ನೂ ಕಡಿಯದೆ ಸಾಗುವಳಿಗೆ ತಂದ ಸಾಧನೆ ಸಣ್ಣದಲ್ಲ. ಉಳುವ ಗೇಣಿದಾರನ ಪಾಡು ಹಾಗೇ ಇದೆ. ಗೇಣಿ ಮಾತಾಡುವ ದಿನ ಯಜಮಾನ ಹೊಲಕ್ಕೆ ಬರುವುದಿಲ್ಲ, ಮಣ್ಣು ಮುಟ್ಟುವುದಿಲ್ಲ. ಫೈಲು ಬಿಚ್ಚಿ, ಬೇಸ್ ಎಣಿಸಿ, ಎಕರೆಗೆ ಇಷ್ಟು ಜಾಸ್ತಿ ಅನ್ನುತ್ತಾನೆ.