ಊರಲ್ಲೇ ಕಳೆಯುವ ವಾರಾಂತ್ಯ, ಊರು ಬಿಟ್ಟು ಓಡುವ ವಾರಾಂತ್ಯ

ಬೇಸಿಗೆಯ ಶನಿವಾರ ಬಂತೆಂದರೆ ಬೆಂಗಳೂರಿನವರು ನಮ್ಮ ಕೊಡಗಿಗೆ ಹೊರಡುತ್ತಾರೆ. ನಾನೀಗ ನೆಲೆಸಿರುವ ಶಿಕಾಗೋದ ಜನ ಬಹುಮಟ್ಟಿಗೆ ಶಿಕಾಗೋದಲ್ಲೇ ಉಳಿಯುತ್ತಾರೆ. ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಕಡೆ ಕಾರು ತಿರುಗಿಸುವವರು ಅಲ್ಲಿಯೂ ಇದ್ದಾರೆ, ಆದರೆ ಕೈಯಲ್ಲಿ ಹೆಚ್ಚು ಕಾಸಿಲ್ಲದ ಸಂಸಾರವೂ ಊರೊಳಗೇ ಎರಡು ದಿನವನ್ನು ನೆಮ್ಮದಿಯಿಂದ ಕಳೆಯಬಹುದು. ನಮ್ಮ ಮಹಾನಗರವೂ ತನ್ನ ಜನರಿಗೆ ಅಷ್ಟು ಜಾಗ ಮಾಡಿಕೊಟ್ಟಿದ್ದರೆ ಕೊಡಗಿನ ಮೇಲೆ ಈಗಿನಷ್ಟು ಭಾರ ಬೀಳುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ.

ಶಿಕಾಗೋದ ಬೇಸಿಗೆ ಜೂನ್‌ನಿಂದ ಆಗಸ್ಟ್‌ವರೆಗೆ, ಅಂದರೆ ಭಾಗಮಂಡಲದವರು ಕಾವೇರಿಯ ನೀರು ಎಲ್ಲಿಯವರೆಗೆ ಏರಿತೆಂದು ನೋಡುತ್ತಿರುವ ಕಾಲಕ್ಕೆ. ಆ ಮೂರು ತಿಂಗಳು ಮಿಷಿಗನ್ ಸರೋವರದ ದಂಡೆಯೇ ಊರಿನ ಅಂಗಳ. ಸುಮಾರು 29 ಕಿ.ಮೀ. ಉದ್ದದ ದಾರಿಯಲ್ಲಿ ಓಡುವವರು, ಸೈಕಲ್ ತುಳಿಯುವವರು, ಮಕ್ಕಳ ಗಾಡಿ ತಳ್ಳುವವರು ಸಾಲಾಗಿ ಸಾಗುತ್ತಾರೆ. ಮರಳ ದಂಡೆಗಳಿಗೆ ಟಿಕೆಟಿಲ್ಲ, 1868ರಲ್ಲಿ ಆರಂಭವಾದ ಲಿಂಕನ್ ಪಾರ್ಕ್ ಮೃಗಾಲಯಕ್ಕೂ ಟಿಕೆಟಿಲ್ಲ. ಸಂಜೆಗೆ ಮಿಲೇನಿಯಂ ಪಾರ್ಕಿನ ಬಯಲು ರಂಗಮಂದಿರದಲ್ಲಿ, 1935ರಲ್ಲಿ ಶುರುವಾದ ಗ್ರ್ಯಾಂಟ್ ಪಾರ್ಕ್ ಸಂಗೀತೋತ್ಸವದ ಕಛೇರಿ. ಅಲ್ಲಿನ ಹುಲ್ಲುಹಾಸಿನ ಮೇಲ್ಗಡೆ ಉಕ್ಕಿನ ಕೊಳವೆಗಳ ಜಾಲರಿಯೊಂದು ಹರಡಿಕೊಂಡಿದ್ದು, ಧ್ವನಿವರ್ಧಕಗಳನ್ನು ಅದಕ್ಕೇ ತೂಗುಹಾಕಿದ್ದಾರೆ. ಹಾಗಾಗಿ ಕಟ್ಟಕಡೆಯಲ್ಲಿ ಚಾದರ ಹಾಸಿ, ಮನೆಯಿಂದ ತಂದ ಚಿತ್ರಾನ್ನದ ಡಬ್ಬಿ ಬಿಚ್ಚಿ ಕುಳಿತವರಿಗೂ ಪಿಟೀಲಿನ ಸಣ್ಣ ಎಳೆ ತಪ್ಪದೆ ಕೇಳಿಸುತ್ತದೆ.

ಇದೆಲ್ಲ ತಾನಾಗಿ ಒದಗಿದ್ದಲ್ಲ. ಸರೋವರದ ಪಕ್ಕದ ಬಯಲಿನಲ್ಲಿ ಕಟ್ಟಡಗಳು ಏಳಬಾರದೆಂದು ಆರನ್ ಮಾಂಟ್ಗೊಮರಿ ವಾರ್ಡ್ ಎಂಬ ವ್ಯಾಪಾರಿ 1890ರಿಂದ ಎರಡು ದಶಕ ನಗರಾಡಳಿತದ ವಿರುದ್ಧವೇ ಕೋರ್ಟಿನಲ್ಲಿ ಹೋರಾಡಿ ಗೆದ್ದ. ಬೆಂಗಳೂರಿಗೂ 1870ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕ್ ಇದೆ, ಅದಕ್ಕಿಂತ ಹಳೆಯ ಲಾಲ್‌ಬಾಗ್ ಇದೆ. ಆದರೆ ಆಮೇಲೆ ನಾಲ್ಕು ದಿಕ್ಕಿಗೂ ಬೆಳೆದ ಬಡಾವಣೆಗಳಿಗೆ ಅಂಥದ್ದು ಮತ್ತೊಂದು ದಕ್ಕಲಿಲ್ಲ. ಹೊರವಲಯದ ಅಪಾರ್ಟ್‌ಮೆಂಟಿನಲ್ಲಿರುವ ಕುಟುಂಬಕ್ಕೆ ಭಾನುವಾರ ಉಳಿಯುವುದು ಮಾಲ್. ಅದು ಬೇಸರವಾದರೆ ಸುಮಾರು 260 ಕಿ.ಮೀ. ದೂರದ ಮಡಿಕೇರಿ.

ಏಪ್ರಿಲ್, ಮೇ ತಿಂಗಳಲ್ಲಿ ರಜೆ ಹಾಕಿ ಊರಿಗೆ ಬಂದಾಗ ಇದರ ಫಲ ಕಣ್ಣಿಗೆ ಬೀಳುತ್ತದೆ. ರಾಜಾಸೀಟಿನ ರಸ್ತೆಯಲ್ಲಿ ಕಾರುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಮಾಂದಲಪಟ್ಟಿ ಬೆಟ್ಟಕ್ಕೆ ಹೋಗುವ ಜೀಪುಗಳು ಧೂಳೆಬ್ಬಿಸುತ್ತವೆ. ಆಸ್ಪತ್ರೆಗೆ ಹೊರಟ ಊರಿನವರು ಅದೇ ಸಾಲಿನಲ್ಲಿ ಕಾಯಬೇಕು. 2011ರ ಜನಗಣತಿಯಂತೆ ಇಡೀ ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷ, ಇಲ್ಲಿನ ರಸ್ತೆ, ನೀರು, ಕಸದ ವ್ಯವಸ್ಥೆಯೆಲ್ಲ ಅದಕ್ಕೆ ತಕ್ಕಷ್ಟೇ. ಬಂದವರನ್ನು ಬೈಯುವುದು ಸುಲಭ, ಆದರೆ ಅವರಿಗೆ ತಮ್ಮ ಊರಲ್ಲಿ ಕೂರಲು ಒಂದು ಮರದ ನೆರಳು ಸಿಗಲಿಲ್ಲವೆಂಬುದನ್ನು ನಾವು ಮರೆಯಬಾರದು.

ಶಿಕಾಗೋದ ಹುಲ್ಲುಹಾಸಿಗೆ ಹತ್ತಿರವಾದದ್ದು ಕೊಡಗಿನಲ್ಲಿ ಯಾವುದೆಂದು ಕೇಳಿದರೆ ನಾನು ಕೌಟುಂಬಿಕ ಹಾಕಿಯನ್ನು ತೋರಿಸುತ್ತೇನೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಈ ಉತ್ಸವವನ್ನು ವರ್ಷಕ್ಕೊಂದು ಕೊಡವ ಕುಟುಂಬ ವಹಿಸಿಕೊಂಡು ನಡೆಸುತ್ತದೆ. ಒಂದೇ ಮನೆತನದ ತಂಡದಲ್ಲಿ ಶಾಲೆಯ ಹುಡುಗ, ಮದುವೆಯಾದ ಹೆಣ್ಣುಮಗಳು, ನಿವೃತ್ತ ಸೈನಿಕ ಒಟ್ಟಿಗೆ ಸ್ಟಿಕ್ ಹಿಡಿಯುತ್ತಾರೆ. ಗ್ಯಾಲರಿಯಲ್ಲಿ ಕುಳಿತವರು ಆಡುವವರ ಮನೆಹೆಸರು ಕೂಗುತ್ತಾರೆ. ನಾಪೋಕ್ಲಿನ ಮೈದಾನದಲ್ಲಿ ಪಂದ್ಯ ನಡೆಯುತ್ತಿದ್ದಾಗಲೂ ಪ್ರವಾಸಿಗರ ಕಾರುಗಳು ಅಬ್ಬಿ ಜಲಪಾತದ ಫೋಟೊಕ್ಕೇ ಧಾವಿಸುವುದನ್ನು ಕಂಡು ನನಗೆ ಸೋಜಿಗವಾಗಿದೆ. ಬೇಸಿಗೆಯಲ್ಲಿ ಅಬ್ಬಿಯಲ್ಲಿ ನೀರೇ ಕಡಿಮೆ.

ಹೋಂಸ್ಟೇ ನಡೆಸುವ ನೆಂಟರು ನನ್ನ ಮಾತನ್ನು ಒಪ್ಪುವುದಿಲ್ಲ. ಕಾಫಿ ಬೆಲೆ ಕುಸಿದ ವರ್ಷಗಳಲ್ಲಿ ಮನೆ ನಡೆದದ್ದು ಅತಿಥಿಗಳಿಂದ ಎಂಬ ಅವರ ವಾದಕ್ಕೆ ನನ್ನಲ್ಲಿ ಎದುರುತ್ತರವಿಲ್ಲ. ಆದರೂ ವಾರಾಂತ್ಯದಲ್ಲಿ ಪ್ರವಾಸಿಗರ ಕಾರುಗಳನ್ನು ಮಡಿಕೇರಿಯ ಹೊರಗೇ ನಿಲ್ಲಿಸಿ, ಅಲ್ಲಿಂದ ಒಳಕ್ಕೆ ಸಣ್ಣ ಬಸ್ಸುಗಳನ್ನು ಓಡಿಸಿದರೆ ಅವರ ಅತಿಥಿಗಳು ಕಡಿಮೆಯಾಗುವುದಿಲ್ಲ. ಶಿಕಾಗೋದ ನಡುಊರಿನಲ್ಲಿ ಪಾರ್ಕಿಂಗ್ ಶುಲ್ಕ ಕೈ ಸುಡುವಷ್ಟಿರುವುದರಿಂದ ಜನ ಕಾರನ್ನು ಮನೆಯಲ್ಲೇ ಬಿಟ್ಟು ರೈಲು ಹತ್ತುತ್ತಾರೆ, ಆದರೂ ಶನಿವಾರ ಸಂಜೆ ಆ ಹುಲ್ಲುಹಾಸಿನಲ್ಲಿ ಚಾದರ ಹಾಸಲು ಜಾಗ ಹುಡುಕಬೇಕಾಗುತ್ತದೆ.