ಚೌಕಿಗೆ ಇಣುಕುವ ಮಕ್ಕಳಿಗೆ ಆರ್ಕೆಸ್ಟ್ರಾ ಯಾಕೆ ಬೇಡ?

ಗಣಪತಿ ಮೆರವಣಿಗೆಯಲ್ಲಿ ಡಿಜೆ ಬಾಕ್ಸಿನ ಎದುರು ಎರಡು ವರ್ಷದ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲುತ್ತೇವೆ. ಅದೇ ಪಿಟೀಲು, ಕೊಳಲಿನ ಕಾರ್ಯಕ್ರಮ ಅಂದ ಕೂಡಲೇ "ಅದೆಲ್ಲ ಮಕ್ಕಳಿಗೆ ತಿಳಿಯೂದಿಲ್ಲ" ಅನ್ನುತ್ತೇವೆ. ನನಗಂತೂ ಈ ಮಾತು ಒಪ್ಪಿಗೆ ಇಲ್ಲ. ಕೇಳೋದು ಮಕ್ಕಳಿಗೆ ಕಷ್ಟ ಅಲ್ಲ. ಎರಡು ತಾಸು ಅಲ್ಲಾಡದೆ ಕೂರೋದು ಕಷ್ಟ.

ಹೋದ ವರ್ಷ ಅಣ್ಣನ ಮಗಳನ್ನು ಮಡಗಾಂವ ಕಡೆ ಒಂದು ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಿದ್ದೆ. ಕಾರವಾರದಿಂದ ರೈಲು ಹತ್ತಿದರೆ ಏನು ಮಹಾ ದೂರ? ಜಾತ್ರೆಯಲ್ಲಿ ಸಿನಿಮಾ ಹಾಡು ಹೇಳುವ ಆರ್ಕೆಸ್ಟ್ರಾ ಅಲ್ಲ ಇದು. ಪಿಟೀಲು, ಚೆಲ್ಲೋ, ಕೊಳಲು, ಹಾರ್ನ್ ಎಲ್ಲ ಸೇರಿದ ಪಾಶ್ಚಾತ್ಯ ಆರ್ಕೆಸ್ಟ್ರಾ, ಆದರೆ ಸಣ್ಣದು. ಮುಂದೆ ಚಾಪೆ, ಹಿಂದೆ ಕುರ್ಚಿ. ಮುಕ್ಕಾಲು ತಾಸಿನಲ್ಲಿ ಮುಗಿಯುತ್ತದೆ. ಮಗು ಅತ್ತರೆ ಎತ್ತಿಕೊಂಡು ಹೊರಗೆ ಹೋಗಿ ಮತ್ತೆ ಬಂದು ಕೂರಬಹುದು. ಯಾರೂ ತಿರುಗಿ ದುರುಗುಟ್ಟುವುದಿಲ್ಲ.

ಶುರುವಿಗೇ ಓಬೋ ಅನ್ನುವ ಊದುವ ವಾದ್ಯ ಒಂದು ಸ್ವರ ಹಿಡಿಯಿತು, ಉಳಿದವರೆಲ್ಲ ಅದಕ್ಕೆ ಶ್ರುತಿ ಸೇರಿಸಿಕೊಂಡರು. ಆಮೇಲೆ ಪಿಟೀಲಿನ ಹೆಂಗಸು ಚಾಪೆಯ ಅಂಚಿಗೆ ಬಂದು ಕೂತು ಕಮಾನು ತೋರಿಸಿದರು. "ಇದು ಕುದುರೆ ಬಾಲದ ಕೂದಲು" ಅಂದಾಗ ನಮ್ಮ ಹುಡುಗಿ, "ಕುದುರೆಗೆ ನೋವಾಗ್ಲಿಲ್ವಾ?" ಅಂತ ಕೇಳಿಯೇಬಿಟ್ಟಳು. ಅವರು ನಕ್ಕು, ರಾಳ ಹಚ್ಚದ ಇನ್ನೊಂದು ಕಮಾನು ತೆಗೆದು ತಂತಿಯ ಮೇಲೆ ಎಳೆದರು. ಸದ್ದೇ ಇಲ್ಲ ಅನ್ನಬೇಕು, ಬರೀ ಜಾರಿತು. ರಾಳ ಹಚ್ಚಿದ್ದನ್ನು ಎಳೆದರೆ ತುಂಬಿದ ದನಿ. ಕೂದಲು ತಂತಿಯನ್ನು ಹಿಡಿಯಬೇಕು, ಆಗಲೇ ತಂತಿ ನಡುಗೋದು. ಐದು ವರ್ಷದವಳಿಗೆ ಇದನ್ನು ಬಾಯಲ್ಲಿ ಹೇಳಿ ತಿಳಿಸಲು ನನ್ನಿಂದ ಆಗುತ್ತಿರಲಿಲ್ಲ.

ಆಮೇಲೆ ಎದುರು ನಿಂತು ವಾದ್ಯದವರನ್ನು ನಡೆಸುವ ಕಂಡಕ್ಟರ್ ತಮ್ಮ ಕೋಲನ್ನೇ ಮಕ್ಕಳ ಕೈಗೆ ಕೊಟ್ಟರು. ಮೆಲ್ಲ ಆಡಿಸಿದರೆ ವಾದ್ಯಗಳೂ ಮೆಲ್ಲ, ಜೋರಾಗಿ ಆಡಿಸಿದರೆ ಓಟ. ಒಬ್ಬ ಪೋರ ಕೈ ಮೇಲೆತ್ತಿ ಹಾಗೇ ನಿಂತುಬಿಟ್ಟ. ಇಡೀ ಆರ್ಕೆಸ್ಟ್ರಾ ಅವನಿಗೆ ಕಾಯಿತು! ಅವನ ಮುಖ ನೋಡಬೇಕಿತ್ತು.

ಕೊನೆಗೆ ರಷ್ಯಾದ ಪ್ರೊಕೊಫೀವ್ 1936ರಲ್ಲಿ ಮಕ್ಕಳಿಗಾಗಿಯೇ ಬರೆದ 'ಪೀಟರ್ ಮತ್ತು ತೋಳ'. ಹಕ್ಕಿಗೆ ಕೊಳಲು, ಬಾತುಕೋಳಿಗೆ ಓಬೋ, ಬೆಕ್ಕಿಗೆ ಕ್ಲಾರಿನೆಟ್, ಅಜ್ಜನಿಗೆ ಬಸೂನ್, ತೋಳಕ್ಕೆ ಮೂರು ಹಾರ್ನ್. ತೋಳ ಬಾತುಕೋಳಿಯನ್ನು ಇಡಿಯಾಗಿ ನುಂಗುತ್ತದೆ. ಕೊನೆಯಲ್ಲಿ ಅದರ ಹೊಟ್ಟೆಯೊಳಗಿಂದ ಓಬೋ ಕೇಳಿಸುತ್ತದೆ. ವಾಪಸ್ ಬರುವಾಗ ರೈಲಿನಲ್ಲಿ ಒಂದೇ ಪ್ರಶ್ನೆ: "ಅತ್ತೆ, ಅದು ಹೊರಗೆ ಬರೂದೇ ಇಲ್ವಾ?" ಓಬೋ ಸ್ವರ ಅವಳ ತಲೆಯಲ್ಲಿ ಕೂತಾಗಿತ್ತು.

ಇದೇನು ಹೊಸ ಶೋಕಿಯೂ ಅಲ್ಲ. ಅಮೆರಿಕದ ಕಂಡಕ್ಟರ್ ಲಿಯೊನಾರ್ಡ್ ಬರ್ನ್‌ಸ್ಟೈನ್ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾದ ಜೊತೆ 1958ರಿಂದ 1972ರವರೆಗೆ ಮಕ್ಕಳಿಗಂತಲೇ ಕಾರ್ಯಕ್ರಮ ನಡೆಸಿದರು, ಟಿವಿಯಲ್ಲೂ ಬರುತ್ತಿತ್ತು. ನಮ್ಮಲ್ಲೂ ಯಕ್ಷಗಾನ ಕಷ್ಟ ಅಂತ ಯಾವ ಮಗುವಿಗೂ ಯಾರೂ ಹೇಳಿಲ್ಲ. ಅದು ವೇಷದವರು ತಯಾರಾಗುವ ಚೌಕಿಗೆ ಹೋಗಿ ಬಣ್ಣ ಹಚ್ಚೋದನ್ನು ಇಣುಕುತ್ತದೆ, ಚಂಡೆಯವನ ಕೈಯನ್ನೇ ನೋಡುತ್ತ ಕೂರುತ್ತದೆ, ನಡುವೆ ನಿದ್ದೆ ಹೊಡೆದು ಮಹಿಷಾಸುರ ಬರುವಾಗ ಏಳುತ್ತದೆ. ಮರುದಿನ ಚಂಡೆಯಾಗುವ ಮನೆಯ ಬಿಸ್ಕತ್ ಡಬ್ಬಿಗೆ ಉಳಿಗಾಲ ಇಲ್ಲ. ಆರ್ಕೆಸ್ಟ್ರಾದವರು ಯೋಚಿಸಿ ಮಾಡುವ ವ್ಯವಸ್ಥೆ ನಮ್ಮ ಬಯಲಾಟದಲ್ಲಿ ತಾನಾಗಿಯೇ ಇದೆ, ಅಲ್ವಾ?

ಯೂಟ್ಯೂಬಿನಲ್ಲಿ ತೋರಿಸಿದರೆ ಸಾಲದಾ ಅನ್ನುವವರಿದ್ದಾರೆ. ಫೋನಿನ ಸ್ಪೀಕರಿನಲ್ಲಿ, ಪಿಟೀಲಿನ ದೊಡ್ಡಣ್ಣನಂಥ ಡಬಲ್ ಬೇಸ್‌ನ ತಗ್ಗಿನ ಸ್ವರ ಬರುವುದೇ ಇಲ್ಲ. ನೆಲದ ಮೇಲೆ ಕೂತರೆ ಅದು ಅಂಡಿನ ಕೆಳಗೆ ಗುಂಯ್ ಅನ್ನುತ್ತದೆ, ಮಕ್ಕಳು ನೆಲ ಮುಟ್ಟಿ ನೋಡುತ್ತಾರೆ.

ನನಗೆ ಆಗದ್ದೂ ಒಂದಿದೆ. ಮೈಕ್ ಹಿಡಿದವರು ಉದ್ದಕ್ಕೂ "ಜೋರಾಗಿ ಚಪ್ಪಾಳೆ!" ಅಂತ ಕಿರುಚುತ್ತಿದ್ದರೆ ಮಕ್ಕಳು ಕುಣಿದು ಮನೆಗೆ ಹೋಗುತ್ತಾರೆ, ಅಷ್ಟೇ. "ಈಗ ಬೆಕ್ಕು ಎಲ್ಲಿ ಬರ್ತದೆ ಕೇಳಿ" ಅಂತ ಒಂದು ಮಾತು ಹೇಳಿ, ಆಮೇಲೆ ಮೈಕ್ ಹಿಡಿದವರು ಬಾಯಿ ಮುಚ್ಚಬೇಕು. ಮಕ್ಕಳು ಆಗ ಎಷ್ಟು ಸುಮ್ಮನಾಗುತ್ತಾರೆ ಗೊತ್ತಾ!

ದೊಡ್ಡ ಆರ್ಕೆಸ್ಟ್ರಾವನ್ನು ಇಲ್ಲಿಗೆ ಕರೆಸೋದು ಜಾಸ್ತಿ ಖರ್ಚಿನ ಬಾಬತ್ತು, ಒಪ್ಪಿದೆ. ನಾಲ್ಕು ಜನ ಪಿಟೀಲು, ಚೆಲ್ಲೋದವರು ಗೋವಾದಿಂದ ಬಂದರೂ ನಡೆಯುತ್ತದೆ. ಜೊತೆಗೆ ನಮ್ಮ ಪಂಚವಾದ್ಯದವರು, ಮಣ್ಣಿನ ಮಡಕೆಗೆ ಚರ್ಮ ಬಿಗಿದ ಗುಮಟೆ ಬಾರಿಸುವವರು ಇರಲಿ. ಗುಮಟೆಯ ಹಿಂದಿನ ಬಾಯಿಯನ್ನು ಅಂಗೈಯಲ್ಲಿ ಮುಚ್ಚಿ ಬಿಟ್ಟರೆ ದನಿ ಹೇಗೆ ಬದಲಾಗುತ್ತದೆ ಅಂತ ಮಕ್ಕಳೇ ಬಾರಿಸಿ ನೋಡಲಿ. ಕಾರವಾರದ ಕರಾವಳಿ ಉತ್ಸವದಲ್ಲಿ ದೊಡ್ಡ ಕಾರ್ಯಕ್ರಮಕ್ಕೆ ಮೊದಲು ಸಂಜೆ ಮುಕ್ಕಾಲು ತಾಸು ಇದಕ್ಕೆ ಕೊಡಬಹುದು. ಹೊನ್ನಾವರ, ಕುಮಟಾ, ಶಿರಸಿ ಕಡೆ ಸಂಗೀತ ಸಭೆ ನಡೆಸುವವರು ರಾತ್ರಿ ಕಚೇರಿಗೆ ಬರುವ ಕಲಾವಿದರನ್ನೇ ಬೆಳಿಗ್ಗೆ ಮಕ್ಕಳ ಜೊತೆ ಕೂರಿಸಬಹುದು. ತಬಲಾವನ್ನು ಸುತ್ತಿಗೆಯಿಂದ ತಟ್ಟಿ ಶ್ರುತಿ ಮಾಡೋದನ್ನು ನೋಡಲೇ ಮಕ್ಕಳು ಮುಗಿಬೀಳುತ್ತಾರೆ. ಅದಕ್ಕೆ ಬೇರೆ ಸಂಭಾವನೆ ಕೊಡಿ ಮತ್ತೆ, "ಮಕ್ಕಳಿಗಲ್ವಾ" ಅಂತ ಪುಕ್ಕಟೆ ಕೇಳಬೇಡಿ.